ಒಂದು ಚೀಲ ಡಬ್ಬಿ, ಒಂದು ಚಪಾತಿ: ಓಟಗಾರ್ತಿಯೊಬ್ಬಳ ಕಣಕಾಲಿನ ಗಾಯದ ಪ್ರಕರಣ

ಊರುಗೋಲು ಊರಿಕೊಂಡು ಒಳಗೆ ಬಂದ ಹುಡುಗಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅವಳ ತಂದೆಯ ಕೈಯಲ್ಲಿದ್ದ ಚೀಲ. ಬಿತ್ತನೆ ಬೀಜದ ಜಾಹೀರಾತು ಅಚ್ಚಾಗಿದ್ದ ದಪ್ಪ ಬಟ್ಟೆಯ ಚೀಲ. ಕುಳಿತುಕೊಳ್ಳುವ ಮೊದಲೇ ಅದನ್ನು ನನ್ನ ಮೇಜಿನ ಮೇಲೆ ಬರಿದು ಮಾಡಿ, ಡಬ್ಬಿಗಳನ್ನು ಒಂದೊಂದಾಗಿ ನೆಟ್ಟಗೆ ನಿಲ್ಲಿಸಿದರು. ‘ಇಷ್ಟನ್ನೂ ತೆಗೆದುಕೊಳ್ಳುತ್ತಿದ್ದಾಳೆ ಮೇಡಂ. ಇನ್ನೇನಾದರೂ ಬೇಕಿದ್ದರೆ ಬರೆದುಕೊಡಿ, ತರುತ್ತೇನೆ. ಎಲುಬು ಕೂಡಿದರೆ ಸಾಕು’ ಎಂದರು.

ಒಂದು ಕಿಲೋ ವೇ ಪ್ರೋಟೀನ್, ಕಲ್ಲಂಗಡಿ ಪರಿಮಳದ ಬಿಸಿಎಎ ಪುಡಿ, ಕೊಲಾಜೆನ್ ಪೊಟ್ಟಣಗಳು, ಗ್ಲೂಕೋಸಮೈನ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ, ಅರಿಸಿನದ ಸಾರದ ಕ್ಯಾಪ್ಸೂಲ್, ಅರ್ಧ ಖಾಲಿಯಾದ ನೋವಿನ ಮಾತ್ರೆಯ ಪಟ್ಟಿ. ಎಲ್ಲಕ್ಕಿಂತ ತಳದಲ್ಲಿ ಬೇರೊಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಚಿಕ್ಕ ಡಬ್ಬಿ: ಕೊಬ್ಬು ಕರಗಿಸುವ ಕ್ಯಾಪ್ಸೂಲ್. ಅದು ಏನೆಂದು ತಂದೆಗೆ ಗೊತ್ತಿರಲಿಲ್ಲ. ಹುಡುಗಿ ನೆಲ ನೋಡಿದಳು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅವಳ ಅಣ್ಣ ದುಡ್ಡು ಕಳಿಸಿದ್ದ. ಎಲ್ಲ ಸೇರಿ 9,000 ರೂಪಾಯಿಯ ಹತ್ತಿರ.

ನಾನು ಹುಬ್ಬಳ್ಳಿಯಲ್ಲಿ ಆಹಾರ ತಜ್ಞೆ. ನನ್ನಲ್ಲಿಗೆ ಬರುವವರಲ್ಲಿ ಸಕ್ಕರೆ ಕಾಯಿಲೆಯವರೇ ಹೆಚ್ಚು. ವಾರಕ್ಕೆ ನಾಲ್ಕೈದು ಮಂದಿ ಆಟಗಾರರೂ ಬರುತ್ತಾರೆ. ಈ ಹುಡುಗಿಯ ಮತ್ತು ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಕಾಲಿನ ಕತೆಯನ್ನೂ ತಟ್ಟೆಯ ಕತೆಯನ್ನೂ ಬದಲಿಸಿಲ್ಲ.

ಕಾಲಿಗೆ ಆದದ್ದು

ವಯಸ್ಸು 19. ಊರು ಬೈಲಹೊಂಗಲದ ಕಡೆಯ ಒಂದು ಹಳ್ಳಿ. ಧಾರವಾಡದ ವಸತಿನಿಲಯದಲ್ಲಿದ್ದುಕೊಂಡು ಪದವಿ ಎರಡನೇ ವರ್ಷ ಓದುತ್ತಿದ್ದಳು. 1,500 ಮತ್ತು 5,000 ಮೀಟರ್ ಅವಳ ಓಟಗಳು. ಅಂತರ ವಿಶ್ವವಿದ್ಯಾಲಯ ಕೂಟ ಹತ್ತಿರ ಬರುತ್ತಿದ್ದಂತೆ ವಾರಕ್ಕೆ 60 ಕಿಲೋಮೀಟರ್ ಇದ್ದ ಓಟವನ್ನು ಕೋಚ್ ಎರಡೇ ತಿಂಗಳಲ್ಲಿ 84ಕ್ಕೆ ಏರಿಸಿದ್ದರು. ಎಡ ಕಣಕಾಲಿನ ಒಳಬದಿಯಲ್ಲಿ, ಪಾದದ ಕೀಲಿನಿಂದ ಒಂದು ಗೇಣು ಮೇಲೆ ನೋವು ಶುರುವಾಯಿತು. ಮೊದಲು ಓಡುವಾಗ ಮಾತ್ರ, ಆಮೇಲೆ ನಡೆಯುವಾಗಲೂ, ಕೊನೆಕೊನೆಗೆ ಹಾಸಿಗೆಯಲ್ಲಿ ಮಲಗಿದರೂ. ಐದು ವಾರ ನೋವಿನ ಮಾತ್ರೆ ನುಂಗಿ ಓಡಿದಳು.

ಎಲುಬಿನ ಡಾಕ್ಟರು ಎಕ್ಸ್-ರೇ ತೆಗೆಸಿದರು, ಏನೂ ಕಾಣಲಿಲ್ಲ. ಈ ಬಗೆಯ ಗಾಯ ಮೊದಲ ವಾರಗಳಲ್ಲಿ ಎಕ್ಸ್-ರೇಯಲ್ಲಿ ಕಾಣದಿರುವುದೇ ಹೆಚ್ಚು. ಆದರೆ ಒಂದೇ ಒಂದು ಕಡೆ ಬೆರಳಿಟ್ಟು ಒತ್ತಿದರೆ ಅವಳು ಕಾಲೆಳೆದುಕೊಳ್ಳುತ್ತಿದ್ದಳು. ಹಾಗಾಗಿ ಎಂಆರ್‌ಐ ಮಾಡಿಸಿದರು. ಕಣಕಾಲಿನ ದೊಡ್ಡ ಎಲುಬಾದ ಟಿಬಿಯಾದ ಒಳ ಹಿಂಬದಿಯಲ್ಲಿ ಮಜ್ಜೆಗೆ ಊತ ಬಂದಿತ್ತು. ಬಿರುಕಿನ ಗೆರೆ ಇನ್ನೂ ಮೂಡಿರಲಿಲ್ಲ. ನಾಲ್ಕು ಹಂತಗಳ ಲೆಕ್ಕದಲ್ಲಿ ಮೂರನೆಯದು. ಇದನ್ನು ಸ್ಟ್ರೆಸ್ ಫ್ರಾಕ್ಚರಿನ, ಅಂದರೆ ಪದೇ ಪದೇ ಬೀಳುವ ಒತ್ತಡದಿಂದ ಎಲುಬು ಬಿರುಕು ಬಿಡುವುದರ ಹೊಸ್ತಿಲು ಎನ್ನಬಹುದು. ಅದೃಷ್ಟಕ್ಕೆ ಇದು ಸಾಮಾನ್ಯವಾಗಿ ತಾನಾಗಿ ಮಾಯುವ ಜಾಗ. ಇದೇ ಎಲುಬಿನ ಮುಂಬದಿಯಲ್ಲಿ ಆಗಿದ್ದರೆ ಕತೆಯೇ ಬೇರೆಯಾಗುತ್ತಿತ್ತು.

ಎಲುಬು ಕಲ್ಲಿನಂಥ ಜಡ ವಸ್ತುವಲ್ಲ. ಹಳೇ ಗೋಡೆಯ ಸಡಿಲ ಕಲ್ಲನ್ನು ಕಿತ್ತು ಹೊಸದನ್ನು ಕೂರಿಸುವ ಕೆಲಸ ಅದರೊಳಗೆ ಸದಾ ನಡೆದಿರುತ್ತದೆ. ಕೀಳುವ ಕೋಶಗಳು ಎರಡು ಮೂರು ವಾರದಲ್ಲಿ ತಮ್ಮ ಕೆಲಸ ಮುಗಿಸುತ್ತವೆ. ಕಟ್ಟುವ ಕೋಶಗಳಿಗೆ ಮೂರು ತಿಂಗಳು ಬೇಕು. ಓಟ ಏಕಾಏಕಿ ಹೆಚ್ಚಿದರೆ ಕೀಳುವುದು ಮುಂದೆ ಓಡುತ್ತದೆ, ಕಟ್ಟುವುದು ಹಿಂದೆ ಬೀಳುತ್ತದೆ. ಇಷ್ಟು ಮಾತ್ರ ಆಗಿದ್ದರೆ ಅದು ತರಬೇತಿಯ ತಪ್ಪು, ವಿಶ್ರಾಂತಿಯೇ ಮದ್ದು. ನನ್ನ ಹತ್ತಿರ ಬರುವ ಅಗತ್ಯವೇ ಇರಲಿಲ್ಲ. ಆದರೆ ಅದೇ ಮೈದಾನದಲ್ಲಿ ಅದೇ 84 ಕಿಲೋಮೀಟರ್ ಓಡಿದ ಇತರ ಹುಡುಗಿಯರ ಕಾಲು ನೆಟ್ಟಗಿತ್ತು. ಇವಳ ಕಟ್ಟುವ ಕೋಶಗಳಿಗೆ ಸಾಮಾನು ಸಿಕ್ಕಿರಲಿಲ್ಲವೇ ಎಂಬುದು ಡಾಕ್ಟರ ಅನುಮಾನವಾಗಿತ್ತು.

ನಾನು ಕೇಳಬೇಕಿದ್ದ ಪ್ರಶ್ನೆ

ಇಲ್ಲಿ ನನ್ನದೊಂದು ತಪ್ಪಿದೆ. ಮೊದಲ ಭೇಟಿಯ ನಲವತ್ತು ನಿಮಿಷವನ್ನು ನಾನು ಆ ಡಬ್ಬಿಗಳ ಮೇಲೆಯೇ ಕಳೆದೆ. ಹಿಂದಿನ ಅಕ್ಷರಗಳನ್ನು ಓದಿದ್ದು, ಲೆಕ್ಕ ಹಾಕಿದ್ದು, ಒಂದನ್ನು ತೆಗೆದಿಟ್ಟು ಇನ್ನೊಂದನ್ನು ಉಳಿಸಿದ್ದು. ಕೊನೆಗೆ ಏಳುವ ಹೊತ್ತಿಗೆ, ತಂದೆ ಪಕ್ಕದಲ್ಲಿ ಕುಳಿತಿರುವಾಗಲೇ, ‘ಮುಟ್ಟು ಸರಿಯಾಗಿ ಆಗುತ್ತಿದೆಯಾ?’ ಎಂದು ಕೇಳಿದೆ. ‘ಹೂಂ ಮೇಡಂ’ ಎಂದಳು. ಆ ಹುಡುಗಿ ತಂದೆಯ ಎದುರು ಇನ್ನೇನು ಹೇಳಬೇಕಿತ್ತು?

ಮುಂದಿನ ವಾರ ತಾಯಿಯ ಜೊತೆ ಬಂದಳು. ಹುಡುಗಿ ತೂಕ ನೋಡಿಸಿಕೊಳ್ಳಲು ಒಳಗೆ ಹೋದಾಗ ತಾಯಿ ದನಿ ತಗ್ಗಿಸಿ ಹೇಳಿದರು: ಏಳು ತಿಂಗಳಿಂದ ಮುಟ್ಟಾಗಿಲ್ಲ. ‘ಓಡುವವರಿಗೆ ಹಾಗೇ ಆಗುತ್ತದಂತೆ, ಒಳ್ಳೆಯ ತರಬೇತಿಯ ಗುರುತಂತೆ’ ಎಂದು ಮಗಳು ಸಮಾಧಾನ ಹೇಳಿದ್ದಳಂತೆ. ಈ ಮಾತನ್ನು ನಾನು ಬೇರೆ ಬೇರೆ ಆಟದ ಹುಡುಗಿಯರ ಬಾಯಲ್ಲಿ ಕೇಳಿದ್ದೇನೆ. ಇದರಷ್ಟು ಹಾನಿ ಮಾಡಿದ ಸಮಾಧಾನ ಇನ್ನೊಂದಿಲ್ಲ. ದೇಹಕ್ಕೆ ಬರುವ ಆಹಾರ ಸಾಲದಾದಾಗ ಅದು ಮೊದಲು ಕೈಬಿಡುವ ಖರ್ಚುಗಳಲ್ಲಿ ಮುಟ್ಟೂ ಒಂದು. ಮುಟ್ಟು ನಿಂತಾಗ ಈಸ್ಟ್ರೋಜೆನ್ ಇಳಿದಿರುತ್ತದೆ; ಎಲುಬನ್ನು ಕೀಳುವ ಕೋಶಗಳಿಗೆ ಕಡಿವಾಣ ಹಾಕುವುದು ಅದೇ ಈಸ್ಟ್ರೋಜೆನ್. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ‘ರೆಡ್-ಎಸ್’ (ಆಟಗಾರರಲ್ಲಿ ಆಹಾರದ ಶಕ್ತಿಯ ಕೊರತೆ) ಎಂಬ ಹೆಸರು ಕೊಟ್ಟು, 2023ರಲ್ಲಿ ತನ್ನ ಸಲಹೆಗಳನ್ನು ಪರಿಷ್ಕರಿಸಿತು. ಗಂಡುಮಕ್ಕಳಿಗೂ ಇದು ಬರುತ್ತದೆ. ಅವರಿಗೆ ಮುಟ್ಟಿನಂಥ ಎಚ್ಚರಿಕೆಯ ಗಂಟೆ ಇಲ್ಲ ಅಷ್ಟೇ.

ಮೂರು ದಿನದ ಊಟವನ್ನು ತುತ್ತು ತುತ್ತಾಗಿ ಬರೆಸಿದೆ. ಬೆಳಗಿನ ಐದೂವರೆಗೆ ಚಹಾ, ಎರಡು ಬಿಸ್ಕತ್ತು. ಓಟ ಮುಗಿಯುವುದು ಏಳೂವರೆಗೆ; ತಿಂಡಿ ಒಂಬತ್ತೂವರೆಗೆ, ಒಂದು ತಟ್ಟೆ ಅವಲಕ್ಕಿ ಇಲ್ಲವೇ ಉಪ್ಪಿಟ್ಟು. ಮಧ್ಯಾಹ್ನ ಎರಡು ಚಪಾತಿ, ಪಲ್ಯ, ಸ್ವಲ್ಪ ಅನ್ನ ಸಾರು. ಸಂಜೆ ಮತ್ತೆ ಚಹಾ. ರಾತ್ರಿ ಒಂದು ಚಪಾತಿ. ಒಂದೇ. ತುಪ್ಪ ಇಲ್ಲ, ಅನ್ನ ಇಲ್ಲ, ಶೇಂಗಾ ಇಲ್ಲ. ವಸತಿನಿಲಯದಲ್ಲಿ ಕೊಡುವ ಮೊಟ್ಟೆ ಪಕ್ಕದವಳಿಗೆ, ಏಕೆಂದರೆ ಮನೆಯವರು ಮಾಂಸ ಮೊಟ್ಟೆ ಮುಟ್ಟುವವರಲ್ಲ. ಸೋಮವಾರ ಶಿವನ ಒಪ್ಪೊತ್ತು. ವಾರದ ಅತಿ ಉದ್ದದ ಓಟ ಭಾನುವಾರ. ದೇಹ ಅದನ್ನು ದುರಸ್ತಿ ಮಾಡಿಕೊಳ್ಳಬೇಕಾದ ದಿನವೇ ಹೊಟ್ಟೆ ಖಾಲಿ.

ಎತ್ತರ 158 ಸೆಂಟಿಮೀಟರ್, ತೂಕ 43 ಕಿಲೋ. ಅದರಲ್ಲಿ ಕೊಬ್ಬು ಬಿಟ್ಟ ತೂಕ ಸುಮಾರು 36.5 ಕಿಲೋ. ಓಡುತ್ತಿದ್ದ ದಿನಗಳಲ್ಲಿ ಅವಳ ಊಟ ದಿನಕ್ಕೆ 1,550 ಕ್ಯಾಲೊರಿಯ ಆಸುಪಾಸು. ಓಟಕ್ಕೆ ಒಂದು ಸರಳ ಲೆಕ್ಕವಿದೆ: ಒಂದು ಕಿಲೋ ತೂಕಕ್ಕೆ, ಒಂದು ಕಿಲೋಮೀಟರಿಗೆ, ಒಂದು ಕ್ಯಾಲೊರಿ. ವಾರದ 84 ಕಿಲೋಮೀಟರನ್ನು ಆರು ದಿನಕ್ಕೆ ಹಂಚಿ ದಿನಕ್ಕೆ 14 ಕಿಲೋಮೀಟರ್ ಎಂದರೆ 600 ಕ್ಯಾಲೊರಿ ರಸ್ತೆಯಲ್ಲೇ ಹೋಯಿತು. ಉಳಿದ 950ರಲ್ಲಿ ಹೃದಯ, ಮಿದುಳು, ಮುಟ್ಟು, ರಕ್ತ, ಎಲುಬು, ಪರೀಕ್ಷೆಯ ಓದು ಎಲ್ಲವೂ ನಡೆಯಬೇಕು. ಕೊಬ್ಬು ಬಿಟ್ಟ ತೂಕದ ಪ್ರತಿ ಕಿಲೋಗೆ 26 ಕ್ಯಾಲೊರಿ. ಇದು 45ರ ಹತ್ತಿರ ಇದ್ದರೆ ಒಳ್ಳೆಯದು; 30ಕ್ಕಿಂತ ಕೆಳಗೆ ಹೆಚ್ಚು ಕಾಲ ಇದ್ದರೆ ತೊಂದರೆ ಕಟ್ಟಿಟ್ಟದ್ದು.

ಅದಕ್ಕಿಂತ ನನ್ನನ್ನು ಬೆಚ್ಚಿಸಿದ್ದು ಗಾಯದ ನಂತರದ ಲೆಕ್ಕ. ‘ಓಡುತ್ತಿಲ್ಲವಲ್ಲ, ಊಟ ಯಾಕೆ?’ ಎಂದು ಅವಳು ಇನ್ನೂ ಕಡಿಮೆ ಮಾಡಿದ್ದಳು. 1,200. ಜೊತೆಗೆ ಆ ಕ್ಯಾಪ್ಸೂಲ್. ಎಲುಬು ಕಟ್ಟುವ ಕೆಲಸಕ್ಕೆ ಶಕ್ತಿ ಬೇಕು. ಊರುಗೋಲಿನಲ್ಲಿ ನಡೆಯುವುದಕ್ಕೆ ಊರುಗೋಲಿಲ್ಲದ ನಡಿಗೆಗಿಂತ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಗಾಯದ ಹೊತ್ತಿನಲ್ಲಿ ಊಟ ಕಡಿಮೆ ಮಾಡುವುದು ಮಾಡಿನ ಕೆಲಸ ನಡೆದಾಗಲೇ ಗೌಂಡಿಗಳಿಗೆ ಕೂಲಿ ನಿಲ್ಲಿಸಿದ ಹಾಗೆ. ಇದನ್ನು ಹುಡುಗಿಗೆ ಹೇಳಿದಾಗ ಅವಳು ಮೊದಲ ಸಲ ನಕ್ಕಳು. ಅವಳ ಚಿಕ್ಕಪ್ಪ ಗೌಂಡಿಯಂತೆ.

ರಕ್ತ ಪರೀಕ್ಷೆ ಬಂತು. ಹಿಮೋಗ್ಲೋಬಿನ್ 11.2. ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 11. ವಿಟಮಿನ್ ಡಿ 13, ಬಿ12 190. ನಾಲ್ಕೂ ಕಡಿಮೆಯೇ. ಥೈರಾಯ್ಡ್ ಸರಿ, ಕ್ಯಾಲ್ಸಿಯಂ ಸರಿ. ರಕ್ತದ ಕ್ಯಾಲ್ಸಿಯಂ ಸರಿಯಿದೆ ಎಂದು ತಾಯಿಗೆ ಖುಷಿಯಾಯಿತು. ಅದು ಖುಷಿಪಡುವ ಅಂಕಿಯಲ್ಲ. ರಕ್ತಕ್ಕೆ ಕಡಿಮೆಯಾದರೆ ದೇಹ ಎಲುಬಿನಿಂದಲೇ ಕಡ ತಂದು ಲೆಕ್ಕ ಸರಿತೂಗಿಸುತ್ತದೆ. ಎಲುಬಿನ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಬೆನ್ನೆಲುಬಿನ ಝಡ್ ಅಂಕ (ಅದೇ ವಯಸ್ಸಿನವರ ಸರಾಸರಿಯಿಂದ ಎಷ್ಟು ದೂರ ಎಂಬ ಅಳತೆ) ಮೈನಸ್ 1.3. ಓಡುವವರ ಎಲುಬು ವಯಸ್ಸಿನವರ ಸರಾಸರಿಗಿಂತ ಗಟ್ಟಿ ಇರಬೇಕಾದದ್ದು, ಇವಳದು ಅದಕ್ಕಿಂತ ಕೆಳಗೆ. ಸ್ತ್ರೀರೋಗ ತಜ್ಞೆ ಬೇರೆ ಕಾರಣಗಳನ್ನೆಲ್ಲ ಪರೀಕ್ಷಿಸಿ ತಳ್ಳಿಹಾಕಿದರು. ಮುಟ್ಟು ತರಿಸಲು ಹಾರ್ಮೋನ್ ಮಾತ್ರೆಯನ್ನೂ ಕೊಡಲಿಲ್ಲ. ಮಾತ್ರೆಯಿಂದ ಬರುವ ರಕ್ತಸ್ರಾವ ದೇಹ ಚೇತರಿಸಿಕೊಂಡಿತೆಂದು ಸುಳ್ಳು ಹೇಳುತ್ತದೆ, ಊಟ ಕೊಟ್ಟು ಕಾಯೋಣ ಎಂದರು. ಆ ಸಹನೆಗೆ ನಾನು ಋಣಿ.

ಚೀಲದ ವಿಚಾರಣೆ

ಈಗ ಡಬ್ಬಿಗಳ ವಿಷಯ. ಮೊದಲು ಕೊಬ್ಬು ಕರಗಿಸುವ ಕ್ಯಾಪ್ಸೂಲ್, ಏಕೆಂದರೆ ಅದು ನಿಷ್ಪ್ರಯೋಜಕ ಮಾತ್ರವಲ್ಲ, ಅಪಾಯ. ಹಿಂಬದಿಯಲ್ಲಿ ಕೆಫೀನ್ ಇತ್ತು. ಮಿಕ್ಕದ್ದು ಪ್ರಮಾಣ ಹೇಳದ ‘ವಿಶೇಷ ಮಿಶ್ರಣ’. ಉದ್ದೀಪನ ಮದ್ದಿನ ನಿಯಮದಲ್ಲಿ ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ದೇಹದಲ್ಲಿ ಸಿಕ್ಕ ವಸ್ತುವನ್ನು ಅಳಿಸುವುದಿಲ್ಲ. ರಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ಅವರಿಗೆ 21 ತಿಂಗಳ ನಿಷೇಧ ತಂದದ್ದು ಹೈಜೆನಮೈನ್ ಎಂಬ ವಸ್ತು. ಅದು ಕೆಲವು ಗಿಡಗಳಲ್ಲಿರುತ್ತದೆ, ತೂಕ ಇಳಿಸುವ ಸಪ್ಲಿಮೆಂಟುಗಳಲ್ಲೂ ಸಿಕ್ಕಿದೆ. ನಮ್ಮ ಕರ್ನಾಟಕದ್ದೇ ಉದಾಹರಣೆ ಬೇಕೆಂದರೆ, 2010ರ ಕಾಮನ್‌ವೆಲ್ತ್ ಮತ್ತು ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ತಂದ ಉಡುಪಿ ಜಿಲ್ಲೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ ಮರುವರ್ಷವೇ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್ಸೆಂಗ್ ಸಪ್ಲಿಮೆಂಟಿನಿಂದ ಹಾಗಾಯಿತೆಂಬುದು ಅವರ ವಾದವಾಗಿತ್ತು. ಮೊದಲು ಒಂದು ವರ್ಷದ ನಿಷೇಧವಾಯಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಈ ಹೆಸರು ಹೇಳಿದಾಗ ಹುಡುಗಿಯೇ ಡಬ್ಬಿಯನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದಳು. ಅಶ್ವಿನಿಯ ರಿಲೇ ಓಟದ ವಿಡಿಯೋ ನೋಡಿಯೇ ಅವಳು ಓಡಲು ಶುರು ಮಾಡಿದ್ದಂತೆ.

ಕೊಲಾಜೆನ್ ಪೊಟ್ಟಣವನ್ನು ತಾಯಿಯ ಕೈಗೆ ಕೊಟ್ಟು, ಇದು ಮೀನಿನ ಚರ್ಮದಿಂದ ತೆಗೆದದ್ದು ಎಂದೆ. ಅವರು ಅದನ್ನು ಮೇಜಿನ ತುದಿಗೆ ಸರಿಸಿ ಸೆರಗಿಗೆ ಕೈ ಒರೆಸಿಕೊಂಡರು. ಕೊಲಾಜೆನ್ ಎಂಬುದು ಪ್ರಾಣಿಯ ಚರ್ಮ, ಎಲುಬು, ಸ್ನಾಯುರಜ್ಜುಗಳಿಂದ (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಗಳಿಂದ) ಬರುವಂಥದ್ದು. ಇದನ್ನು ಅಂಗಡಿಯವರು ಸಸ್ಯಾಹಾರಿ ಮನೆಗಳಿಗೆ ಹೇಳುವುದಿಲ್ಲ. ಅದರಿಂದ ಉಪಯೋಗವೇ ಇಲ್ಲವೇ? ಇದೆ ಎಂಬುದಕ್ಕೆ ಒಂದು ಸುಳಿವಿದೆ. 2017ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ ಎಂಟು ಮಂದಿ ಗಂಡಸರಿಗೆ ವಿಟಮಿನ್ ಸಿ ಜೊತೆ 15 ಗ್ರಾಂ ಜೆಲಟಿನ್ ಕೊಟ್ಟು, ಒಂದು ಗಂಟೆಯ ನಂತರ ಆರು ನಿಮಿಷ ಹಗ್ಗ ಜಿಗಿಸಿದರು; ಕೊಲಾಜೆನ್ ತಯಾರಾಗುತ್ತಿರುವುದನ್ನು ತೋರಿಸುವ ರಕ್ತದ ಗುರುತು ಎರಡು ಪಟ್ಟಾಯಿತು. ಅದು ರಕ್ತದ ಗುರುತು, ಕೂಡಿದ ಎಲುಬಲ್ಲ. ಸ್ನಾಯುರಜ್ಜು ನೋವಿನ, ಮಾಂಸಾಹಾರಿಯಾದ ಫುಟ್‌ಬಾಲ್ ಆಟಗಾರನಿಗೆ ನಾನು ಅದನ್ನು ಬೇಡ ಎನ್ನುವುದಿಲ್ಲ. ಇವಳಿಗೆ ಅದು ಬೇಕಿರಲಿಲ್ಲ. ಗ್ಲೂಕೋಸಮೈನ್‌ನದೂ ಇದೇ ಕತೆ: ಸಾಮಾನ್ಯವಾಗಿ ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವುದು, ಕೀಲಿಗೆಂದು ಮಾರುವುದು, ಇವಳ ಕೀಲಿಗೆ ಏನೂ ಆಗಿರಲಿಲ್ಲ.

ಬಿಸಿಎಎ ಎಂದರೆ ಮೂರು ಅಮೈನೋ ಆಮ್ಲಗಳು. ಸ್ನಾಯು ಕಟ್ಟಲು ಉಳಿದ ಅಮೈನೋ ಆಮ್ಲಗಳೂ ಬೇಕು. ಅವೆಲ್ಲ ಹಾಲಿನಲ್ಲೇ ಇವೆ, ಪಕ್ಕದ ವೇ ಡಬ್ಬಿಯಲ್ಲೂ ಇದ್ದವು. ವೇ ಕೆಟ್ಟದ್ದಲ್ಲ, ಅದು ಹಾಲೇ. ಆದರೆ ತಯಾರಾದ ಪ್ರತಿ ಬ್ಯಾಚನ್ನೂ ನಿಷೇಧಿತ ವಸ್ತುಗಳಿಗಾಗಿ ಪರೀಕ್ಷಿಸಿದ ಮುದ್ರೆ ಇಲ್ಲದ ಡಬ್ಬಿಯನ್ನು ಸ್ಪರ್ಧೆಗೆ ಇಳಿಯುವವರಿಗೆ ನಾನು ಕೊಡುವುದಿಲ್ಲ. ಬದಲಿಗೆ ಕಿರಾಣಿ ಅಂಗಡಿಯ ಕೆನೆ ತೆಗೆದ ಹಾಲಿನ ಪುಡಿ ಹೇಳಿದೆ. 30 ಗ್ರಾಂ ಪುಡಿಯಲ್ಲಿ ಹತ್ತು ಗ್ರಾಂ ಪ್ರೋಟೀನ್, 370 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ. ಬಣ್ಣದ ಡಬ್ಬಿ ಇಲ್ಲ ಎಂಬುದೊಂದೇ ಕೊರತೆ. ಅರಿಸಿನದ ಕ್ಯಾಪ್ಸೂಲ್ ನಿಲ್ಲಿಸಿದೆ, ಪಲ್ಯದಲ್ಲಿರುವುದು ಸಾಕು. ನೋವಿನ ಮಾತ್ರೆಯನ್ನು ಡಾಕ್ಟರೇ ಆಗಲೇ ನಿಲ್ಲಿಸಿದ್ದರು. ನೋವು ಇಲ್ಲಿ ಕಾವಲುಗಾರ, ಅವನನ್ನು ಮಲಗಿಸಿದ್ದರಿಂದಲೇ ಗಾಯ ಮೂರನೇ ಹಂತಕ್ಕೆ ಬಂದಿತ್ತು.

ಉಳಿದದ್ದು ಕ್ಯಾಲ್ಸಿಯಂ ಮತ್ತು ಕಬ್ಬಿಣ. ಇವೆರಡನ್ನೂ ಅವಳು ಒಟ್ಟಿಗೆ, ಬೆಳಗಿನ ಚಹಾದ ಜೊತೆ ನುಂಗುತ್ತಿದ್ದಳು. ಕ್ಯಾಲ್ಸಿಯಂ ಕಬ್ಬಿಣವನ್ನು ತಡೆಯುತ್ತದೆ, ಚಹಾ ಕೂಡ ತಡೆಯುತ್ತದೆ. ನಾಲ್ಕು ತಿಂಗಳ ಕಬ್ಬಿಣದ ಮಾತ್ರೆಯ ನಂತರವೂ ಫೆರಿಟಿನ್ 11 ಇದ್ದದ್ದು ಏಕೆಂದು ಅಲ್ಲಿ ಗೊತ್ತಾಯಿತು.

ತಟ್ಟೆ

ಮೊದಲ ಮೂರು ವಾರ ಅವಳು ಊರಿನಲ್ಲೇ ಇದ್ದಳು, ಅದು ಒಳ್ಳೆಯದಾಯಿತು. ವಸತಿನಿಲಯದ ಅಡುಗೆಯವರ ಹತ್ತಿರ ಹೇಳಲಾಗದ ಮಾತನ್ನು ಅಜ್ಜಿಯ ಹತ್ತಿರ ಹೇಳಬಹುದು.

ಗುರಿ ದಿನಕ್ಕೆ 1,900 ಕ್ಯಾಲೊರಿ, ವಾರಕ್ಕೆ 200ರಂತೆ ಏರಿಸುತ್ತ. ಓಟ ಮರಳಿದಾಗ 2,300 ದಾಟಬೇಕು. ಪ್ರೋಟೀನ್ 80 ಗ್ರಾಂ, ನಾಲ್ಕು ಹೊತ್ತಿಗೆ ಹಂಚಿ. ಕಾಲು ಕಟ್ಟಿ ಕೂರಿಸಿದಾಗ ಸ್ನಾಯು ಬೇಗ ಕರಗುತ್ತದೆ. ರಾತ್ರಿ ಒಂದೇ ಸಲ ತಿಂದ ಪ್ರೋಟೀನ್ ಅದನ್ನು ಹಿಡಿದು ನಿಲ್ಲಿಸುವುದಿಲ್ಲ. ಮೊಟ್ಟೆ ತಿನ್ನುವವರಾಗಿದ್ದರೆ ನನ್ನ ಕೆಲಸ ಅರ್ಧ ಕಡಿಮೆಯಾಗುತ್ತಿತ್ತು. ಆದರೆ ಎಲುಬು ಕೂಡಿಸುವ ನೆಪದಲ್ಲಿ ಮನೆಯ ನಡಾವಳಿ ಮುರಿಯಲು ನನಗೆ ಅಧಿಕಾರವಿಲ್ಲ, ಅಗತ್ಯವೂ ಇರಲಿಲ್ಲ.

ಬೆಳಗ್ಗೆ ಹಾಲಿಗೆ ಹಾಲಿನ ಪುಡಿ ಕದಡಿ ಒಂದು ಲೋಟ, ಜೊತೆಗೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಮಧ್ಯಾಹ್ನ ಎರಡು ಮೂರು ಜೋಳದ ರೊಟ್ಟಿ, ಮೊಳಕೆ ಬಂದ ಮಡಿಕೆಕಾಳಿನ ಉಸಳಿ, ಸೊಪ್ಪು, ಅನ್ನ, ಮೊಸರು. ಸಂಜೆ ಹಾಲು, ಉಂಡೆ. ರಾತ್ರಿ ಜುಣಕ, ರೊಟ್ಟಿ, ಅನ್ನ, ತುಪ್ಪ. ಕ್ಯಾಲ್ಸಿಯಂ ಎಂದೊಡನೆ ಎಲ್ಲರೂ ರಾಗಿ ಎನ್ನುತ್ತಾರೆ, ಸರಿಯೇ; 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಇದೆ. ಆದರೆ ಅದು ಜೋಳದ ಸೀಮೆಯ ಮನೆ, ಮುದ್ದೆ ಅವರ ಗಂಟಲಲ್ಲಿ ಇಳಿಯುವುದಿಲ್ಲ. ರಾಗಿ ಅಂಬಲಿ ಒಂದು ಬಟ್ಟಲು ಒಪ್ಪಿದರು. ನಿಜವಾದ ನಿಧಿ ಎಳ್ಳು: 100 ಗ್ರಾಂನಲ್ಲಿ 1,200 ಮಿಲಿಗ್ರಾಂಗೂ ಮೇಲೆ. ಸಂಕ್ರಾಂತಿಗೆ ಮಾತ್ರ ಎಳ್ಳು ಹಚ್ಚಿ ಬಡಿಯುತ್ತಿದ್ದ ಸಜ್ಜೆ ರೊಟ್ಟಿಯನ್ನು ವಾರಕ್ಕೆರಡು ಸಲ ಮಾಡಿ ಎಂದೆ. ಹಾಲು, ಪುಡಿ, ಮೊಸರು, ಅಂಬಲಿ, ಎಳ್ಳು ಕೂಡಿಸಿದರೆ ದಿನಕ್ಕೆ 1,400 ಮಿಲಿಗ್ರಾಂ ಆಯಿತು. ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಿದೆ.

ಉಂಡೆ ಎಂದೆನಲ್ಲ, ಅದು ಅಂಟಿನುಂಡೆ. ಮೊದಲ ವಾರವೇ ಅಜ್ಜಿ ಫೋನಿನಲ್ಲಿ ಕೇಳಿದ್ದರು: ‘ಬಾಣಂತಿಗೆ ಕೊಡುವ ಅಂಟಿನುಂಡೆ ಕೊಡಲಾ? ಅಂಟು ಎಲುಬನ್ನು ಅಂಟಿಸುತ್ತದೆ.’ ಅಂಟು ಎಲುಬನ್ನು ಅಂಟಿಸುವುದಿಲ್ಲ. ಆದರೆ ಅದರೊಳಗೆ ತುಪ್ಪ, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಗೋಡಂಬಿ ಇವೆ. ಸಣ್ಣ ಹೊಟ್ಟೆಯ, ಬೇಗ ‘ಸಾಕು’ ಎನ್ನುವ ಹುಡುಗಿಗೆ ಹಿಡಿಯಷ್ಟು ಜಾಗದಲ್ಲಿ 200 ಕ್ಯಾಲೊರಿಯ ಹತ್ತಿರ ಒಳಗೆ ಹೋಗುತ್ತದೆ. ‘ಕೊಡಿ ಅಜ್ಜಿ, ದಿನಕ್ಕೆರಡು’ ಎಂದೆ. ಅಜ್ಜಿಯ ಕಾರಣ ತಪ್ಪು, ಮದ್ದು ಸರಿ. ಸೋಮವಾರದ ಒಪ್ಪೊತ್ತಿನ ಗಂಟನ್ನು ಬಿಚ್ಚಿದವರೂ ಅವರೇ. ಮೊಮ್ಮಗಳ ಪಾಲಿನ ಉಪವಾಸವನ್ನು ತಾನು ಹಿಡಿಯುತ್ತೇನೆಂದು ದೇವರ ಮುಂದೆ ಹೇಳಿ, ಅವಳಿಗೆ ಊಟಕ್ಕೆ ಬಡಿಸಿದರಂತೆ. ನಾನಾಗಿದ್ದರೆ ಅರ್ಧ ಗಂಟೆ ಶರೀರಶಾಸ್ತ್ರ ಹೇಳುತ್ತಿದ್ದೆ.

ಮಾತ್ರೆಯ ರೂಪದಲ್ಲಿ ಉಳಿದದ್ದು ಮೂರೇ. ಮೂರನ್ನೂ ರಕ್ತ ಪರೀಕ್ಷೆ ನೋಡಿ ಡಾಕ್ಟರು ಬರೆದರು. ವಿಟಮಿನ್ ಡಿ ವಾರಕ್ಕೊಮ್ಮೆ 60,000 ಯೂನಿಟ್, ಎಂಟು ವಾರ, ತುಪ್ಪ ಇರುವ ಊಟದ ನಂತರ. ಬಿಸಿಲ ನಾಡಿನ ಓಟಗಾರ್ತಿಗೆ ಡಿ ಕೊರತೆಯೇ ಎಂದು ತಂದೆಗೆ ನಂಬಿಕೆ ಬರಲಿಲ್ಲ. ಅವಳು ಓಡುವುದು ಸೂರ್ಯ ಮೇಲೇರುವ ಮುಂಚೆ ಮತ್ತು ಇಳಿದ ಮೇಲೆ, ಮೈತುಂಬ ಟ್ರ್ಯಾಕ್ ಸೂಟ್ ಹಾಕಿಕೊಂಡು. ನಡುಹಗಲಿನಲ್ಲಿ ತರಗತಿಯೊಳಗೆ ಇರುತ್ತಾಳೆ. ಅಮೆರಿಕದ ನೌಕಾಪಡೆಗೆ ಸೇರಿದ 5,201 ಹೆಣ್ಣುಮಕ್ಕಳ ಮೇಲೆ ನಡೆಸಿದ, 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 2,000 ಮಿಲಿಗ್ರಾಂ ಕ್ಯಾಲ್ಸಿಯಂ, 800 ಯೂನಿಟ್ ಡಿ ಪಡೆದವರಲ್ಲಿ ಸ್ಟ್ರೆಸ್ ಫ್ರಾಕ್ಚರ್ ಶೇ 20ರಷ್ಟು ಕಡಿಮೆಯಾಗಿತ್ತು. ಒಳ್ಳೆಯ ಫಲವೇ, ಆದರೆ ಮಾತ್ರೆ ನುಂಗಿಯೂ ಬಿರುಕು ಬಿಟ್ಟವರು ಅಲ್ಲಿಯೂ ಇದ್ದರು. ಎರಡನೆಯದು ಕಬ್ಬಿಣ: ದಿನ ಬಿಟ್ಟು ದಿನ, ಲಿಂಬೆ ಶರಬತ್ತಿನ ಜೊತೆ, ಚಹಾಕ್ಕಿಂತ ಒಂದು ಗಂಟೆ ದೂರ. ಒಂದು ದಿನದ ಮಾತ್ರೆ ಮರುದಿನದ ಹೀರುವಿಕೆಯನ್ನು ತಗ್ಗಿಸುತ್ತದೆ, ಹಾಗಾಗಿ ದಿನ ಬಿಟ್ಟು ಕೊಟ್ಟರೆ ನುಂಗಿದ್ದು ಹೆಚ್ಚು ದಕ್ಕುತ್ತದೆ. ಮೂರನೆಯದು ಬಿ12.

ಎಡವಿದ್ದು

ಮೂರನೇ ವಾರದ ಕೊನೆಗೆ ಊರುಗೋಲು ಬಿಟ್ಟಳು. ನಾಲ್ಕನೇ ವಾರದಿಂದ ಈಜುಕೊಳದಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಆಳದ ನೀರಿನಲ್ಲಿ ಓಟ, ಫಿಸಿಯೋ ಹೇಳಿಕೊಟ್ಟ ವ್ಯಾಯಾಮ. ಧಾರವಾಡಕ್ಕೆ ಮರಳುವಾಗ ಖಾಲಿಯಾದ ವೇ ಡಬ್ಬಿಯಲ್ಲಿ ಅಜ್ಜಿ ಅಂಟಿನುಂಡೆ ತುಂಬಿ ಕಳಿಸಿದರು. ಡಬ್ಬಿ ಅದೇ ಇದ್ದುದರಿಂದ ವಸತಿನಿಲಯದಲ್ಲಿ ಯಾರೂ ಏನೂ ಕೇಳಲಿಲ್ಲ.

ಐದನೇ ವಾರ ತೂಕ 45.2. ನನಗೆ ಸಂತೋಷ. ಅವಳು ಅತ್ತಳು. ಹಿಂದಿನ ದಿನ ಮೈದಾನದಲ್ಲಿ ಕೋಚ್ ನೋಡಿ, ‘ಮೈ ಕೈ ತುಂಬಿಕೊಂಡಿದ್ದೀಯಲ್ಲ’ ಎಂದಿದ್ದರಂತೆ. ಅವರು ಕೆಟ್ಟವರಲ್ಲ; ಆಸ್ಪತ್ರೆಗೆ ಮೊದಲು ಕರೆದುಕೊಂಡು ಹೋದವರೇ ಅವರು. ತಾವು ಓಡುತ್ತಿದ್ದ ಕಾಲದಲ್ಲಿ ತಮಗೆ ಹೇಳಿದ್ದನ್ನೇ ಇವಳಿಗೂ ಹೇಳಿದ್ದರು: ಎರಡು ಕಿಲೋ ಇಳಿದರೆ ಐದು ಸೆಕೆಂಡ್ ಇಳಿಯುತ್ತದೆ. ಇಳಿಯುತ್ತದೆ ಕೂಡ, ಒಂದು ಋತುವಿನ ಮಟ್ಟಿಗೆ. ಆ ವಾರ ಅವಳು ರಾತ್ರಿಯ ಊಟಕ್ಕೆ ಮತ್ತೆ ಒಂದೇ ಚಪಾತಿಗೆ ಇಳಿದಳು, ಉಂಡೆಗಳನ್ನು ಹಂಚಿಬಿಟ್ಟಳು. ಮೂರನೇ ದಿನ ಕೋಣೆಯ ಗೆಳತಿ ತಾಯಿಗೆ ಫೋನ್ ಮಾಡಿದ್ದರಿಂದ ವಿಷಯ ತಿಳಿಯಿತು. ನಾನು ಕೋಚ್ ಅವರನ್ನು ಕ್ಲಿನಿಕ್ಕಿಗೆ ಬರಹೇಳಿ ಎಂಆರ್‌ಐ, ಡೆಕ್ಸಾ ಎರಡನ್ನೂ ತೋರಿಸಿದೆ. ಮುಟ್ಟಿನ ಮಾತು ಬಂದಾಗ ಅವರು ಕಿಟಕಿಯ ಕಡೆ ನೋಡಿದರು. ಆದರೆ ಎಲುಬಿನ ಅಂಕವನ್ನು ಎರಡು ಸಲ ಓದಿ, ‘19 ವರ್ಷಕ್ಕೆ ಇಷ್ಟೇನಾ?’ ಎಂದರು. ಅಂದಿನಿಂದ ಇವಳ ತೂಕ ನೋಡುವುದು ಕ್ಲಿನಿಕ್ಕಿನಲ್ಲಿ ಮಾತ್ರ, ಅದೂ ಅವಳು ಯಂತ್ರಕ್ಕೆ ಬೆನ್ನು ಮಾಡಿ ನಿಂತು.

ಎಂಟನೇ ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂಬಂತೆ ಆರಂಭವಾಯಿತು. ಒಂಬತ್ತನೇ ವಾರ ಊರಿಗೆ ಹೋದವಳು ಯಾರಿಗೂ ಹೇಳದೆ ಕಾಲುವೆ ದಾರಿಯಲ್ಲಿ ಐದು ಕಿಲೋಮೀಟರ್ ಓಡಿದಳು. ಹಳೆಯ ಜಾಗದಲ್ಲೇ ನೋವು. ಎರಡು ವಾರ ಮತ್ತೆ ನೀರಿಗೆ. ಇದಕ್ಕೆ ತಟ್ಟೆಯಲ್ಲಿ ಮದ್ದಿಲ್ಲ. ಕಟ್ಟುವ ಕೋಶಗಳ ಮೂರು ತಿಂಗಳನ್ನು ಯಾವ ಪುಡಿಯೂ ಎರಡು ತಿಂಗಳು ಮಾಡುವುದಿಲ್ಲ.

ಆದದ್ದು, ಆಗದ್ದು

ಹನ್ನೆರಡನೇ ವಾರದ ಪರೀಕ್ಷೆಯಲ್ಲಿ ವಿಟಮಿನ್ ಡಿ 34, ಫೆರಿಟಿನ್ 29, ಹಿಮೋಗ್ಲೋಬಿನ್ 12.4. ತೂಕ 47ರ ಹತ್ತಿರ ನಿಂತಿತು. ಹದಿನಾರನೇ ವಾರಕ್ಕೆ ನೋವಿಲ್ಲದೆ ವಾರಕ್ಕೆ 20 ಕಿಲೋಮೀಟರ್. ಐದನೇ ತಿಂಗಳಲ್ಲಿ ಮುಟ್ಟು ಮರಳಿತು. ಆ ದಿನ ತಾಯಿ ಫೋನ್ ಮಾಡಿ ಏನೂ ಹೇಳದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಯಿತು ಮೇಡಂ’ ಎಂದಷ್ಟೇ ಹೇಳಿದರು.

ಅಂತರ ವಿಶ್ವವಿದ್ಯಾಲಯ ಕೂಟ ತಪ್ಪಿತು. ಏಳನೇ ತಿಂಗಳಲ್ಲಿ ಒಂದು ಸಣ್ಣ ಕೂಟದಲ್ಲಿ 1,500 ಮೀಟರ್ ಓಡಿ ಏಳನೆಯವಳಾದಳು; ತನ್ನ ಹಿಂದಿನ ಅತ್ಯುತ್ತಮಕ್ಕಿಂತ 11 ಸೆಕೆಂಡ್ ನಿಧಾನ. ಓಟ ಮುಗಿದ ಮೇಲೆ ತುಂಬ ಹಸಿವಾಯಿತು ಎಂದು ಆಶ್ಚರ್ಯದಿಂದ ಹೇಳಿದಳು. ವರ್ಷದಿಂದ ಆಗಿರದಿದ್ದ ಹಸಿವು.

ಇದರಲ್ಲಿ ಯಾವುದು ಕೆಲಸ ಮಾಡಿತು ಎಂದು ಕೇಳಿದರೆ ಒಂದನ್ನೇ ಬೇರ್ಪಡಿಸಿ ಹೇಳಲಾರೆ. ವಿಶ್ರಾಂತಿ, ಊಟ, ಡಿ, ಕಬ್ಬಿಣ ಎಲ್ಲವನ್ನೂ ಒಟ್ಟಿಗೆ ಬದಲಿಸಿದೆವು. ಒಬ್ಬಳ ಪ್ರಕರಣದಲ್ಲಿ ಅವನ್ನು ಬಿಡಿಸಿ ತೂಗಲು ಬರುವುದಿಲ್ಲ. ಎಲುಬಿನ ಗಾಯ ವಿಶ್ರಾಂತಿಯಿಂದಲೇ ಮಾಯ್ದಿರಬಹುದು. ಆದರೆ ಬರೀ ವಿಶ್ರಾಂತಿಗೆ ಮುಟ್ಟು ಮರಳುತ್ತಿತ್ತೆಂದು ನಾನು ನಂಬುವುದಿಲ್ಲ. ಮೊದಲ ವಾರಗಳಲ್ಲಿ ಅವಳು 1,200 ಕ್ಯಾಲೊರಿಗೆ ಇಳಿದಿದ್ದಳು.

ಬಾಕಿ ಇರುವುದು ಡೆಕ್ಸಾ. ಎಲುಬಿನ ಸಾಂದ್ರತೆ ವರ್ಷಗಳ ಲೆಕ್ಕದಲ್ಲಿ ಮರಳುವಂಥದ್ದು, ಪೂರ್ತಿ ಮರಳದೆಯೂ ಇರಬಹುದು. ವರ್ಷ ತುಂಬಿದ ಮೇಲೆ ಇನ್ನೊಮ್ಮೆ ನೋಡಬೇಕು. ಫೆರಿಟಿನ್ ಇನ್ನೂ ಮೇಲೇರಬೇಕು. ಮೈದಾನದ ಪಕ್ಕದ ಕೋಣೆಯಲ್ಲಿ ತೂಕದ ಯಂತ್ರ ಇದ್ದಲ್ಲೇ ಇದೆ. ಇವಳು ಅದನ್ನು ಹತ್ತುವುದಿಲ್ಲ. ಉಳಿದ ಹುಡುಗಿಯರು ಪ್ರತಿ ಶನಿವಾರ ಹತ್ತುತ್ತಾರೆ.